ಜಂಶೀರನ ಅಳತೆಯ ಮಂಚ

ಅಕ್ಟೋಬರ್ 18, ಶನಿವಾರ

ಇವತ್ತೂ ಅಲ್ ಕೂಜ್‌ನ ಗೋಡೌನ್. ಇವತ್ತೂ ಧೂಳು. ಉಜ್ಜಿದ್ದೇ ಉಜ್ಜಿದ್ದು. ಬಕೆಟ್‌ಗಟ್ಟಲೆ ಕಪ್ಪು ನೀರು ಚೆಲ್ಲಿದ ಮೇಲೆ ಗೊತ್ತಾಯಿತು, ಕ್ಯಾರವಾನಿನ ನೆಲ ಕಂದು ಬಣ್ಣದ್ದಲ್ಲ, ಹಳದಿ. ಗಂಡ ಮಸೂದ್‌ಗೆ ಅದೇ ದೊಡ್ಡ ಸಂಭ್ರಮ. "ನೋಡಿದ್ಯಾ ಜಸೀನಾ, ಒಳ್ಳೆ ಮಾಲು!" ಒಳ್ಳೆ ಮಾಲಂತೆ. ಎಸಿಯೊಳಗೆ ಪಾರಿವಾಳದ ಗೂಡು. ಸಿಂಕಿನಲ್ಲಿ ಸತ್ತ ಜಿರಲೆ. ಹಿಂದಿನ ಲೈಟು ವಯರಿನಲ್ಲಿ ನೇತಾಡುತ್ತಿದೆ.

ಮಾರಿದ್ದು ಹ್ಯೂಬರ್ಟ್. ಕಿನ್ನಿಗೋಳಿಯವನು, ಹೋಟೆಲಿನ ಸ್ಟೋರ್‌ನಲ್ಲಿ ಕೆಲಸ, ಮಸೂದ್‌ನ ಹಳೆಯ ದೋಸ್ತ್. ಮಕ್ಕಳು ಚಿಕ್ಕವರಿದ್ದಾಗ ಚಳಿಗಾಲದಲ್ಲಿ ಇದನ್ನು ಕಾರಿನ ಹಿಂದೆ ಕಟ್ಟಿಕೊಂಡು ಮರುಭೂಮಿಗೆ ಹೋಗುತ್ತಿದ್ದನಂತೆ. ಮಕ್ಕಳು ದೊಡ್ಡವರಾದರು, ಇದು ಗೋಡೌನ್ ಹಿಂದೆ ನಿಂತೇ ಹೋಯಿತು. "ಬಂಗಾರದ ಹಾಗೆ ಇಟ್ಟಿದ್ದೇನೆ ಮಾರಾಯ" ಅಂದ. ಬಂಗಾರಕ್ಕೆ ಈ ವಾಸನೆ ಇರುತ್ತದಾ?

ಜುಮಾನಾ ಮೂಗಿಗೆ ಶಾಲು ಕಟ್ಟಿಕೊಂಡು ಹೊರಗೇ ನಿಂತಳು. ಹದಿಮೂರರ ಮಗಳು, ಎಲ್ಲದಕ್ಕೂ ಅಸಹ್ಯ. "ಮಮ್ಮಾ, ಇಟ್ಸ್ ಲಿಟರಲಿ ಅ ಬಾಕ್ಸ್."

"ಹೌದು. ಬಾಕ್ಸೇ. ಬಾ, ಬಾಕ್ಸಿನ ಕಿಟಕಿ ಒರೆಸು."

ಡಿಸೆಂಬರ್ ರಜೆಗೆ ಹೊರಡಬೇಕು. ಆಗುತ್ತದಾ? ನನಗಂತೂ ನಂಬಿಕೆ ಇಲ್ಲ. ಕೂತರೆ ಏಳಬೇಕು, ಎದ್ದರೆ ಎಲ್ಲಿಗಾದರೂ ಹೋಗಬೇಕು ಅನ್ನಿಸುತ್ತದೆ. ಕೈಯಿಂದ ಬ್ಲೀಚ್ ವಾಸನೆ ಹೋಗುತ್ತಿಲ್ಲ.

ಅಕ್ಟೋಬರ್ 20, ಸೋಮವಾರ, ಕ್ಲಿನಿಕ್ಕಿನಲ್ಲಿ

ಪೇಶೆಂಟ್ ಕಡಿಮೆ. ಪಕ್ಕದ ಕೌಂಟರಿನ ಎಮಿಲಿಯಾ ಕೇಳಿದಳು, "ಉಮ್ರಾಕ್ಕೆ ಫ್ಲೈಟಲ್ಲಿ ಹೋದ್ರೆ ಆಗೂದಿಲ್ವಾ? ಇದೆಂತ ಡಬ್ಬ ಎಳ್ಕೊಂಡು ಹೋಗೂದು?" ಅತ್ತೆಗೆ ಬೆನ್ನುನೋವು, ತುಂಬಾ ಹೊತ್ತು ಕೂರಲಿಕ್ಕೆ ಆಗುವುದಿಲ್ಲ ಅಂದೆ. ಅದು ಸುಳ್ಳಲ್ಲ. ಆದರೆ ಅದಷ್ಟೇ ಅಲ್ಲ.

ಮಕ್ಕಾ ಯಾತ್ರೆಯ ದಾರಿಯಲ್ಲಿ ಮೊದಲು ಸೌದಿಯ ಹುಫೂಫ್. ಅಲ್ಲಿ ಜಂಶೀರ್ ಇದ್ದಾನೆ. ಮಸೂದ್‌ನ ತಮ್ಮ. ಸೌದಿಗೆ ಹೋದವನು ಒಂಬತ್ತು ವರ್ಷವಾದರೂ ಊರಿಗೆ ಬಂದಿಲ್ಲ. ಕಂಪನಿ ಮುಚ್ಚಿತು. ಅಲ್ಲಿರಲು ಬೇಕಾದ ಕಾರ್ಡು, ಇಕಾಮಾ, ರಿನ್ಯೂ ಆಗಲಿಲ್ಲ. ಅದರ ಮೇಲೆ ಆ ಕಫೀಲ್, ವೀಸಾ ಕೊಟ್ಟ ಮಾಲೀಕ, ಕೆಲಸ ಬಿಟ್ಟು ಓಡಿಹೋದವನು ಅಂತ ಕೇಸು ಹಾಕಿ ಕೂತ. ಈಗ ದೇಶ ಬಿಟ್ಟು ಹೊರಡುವ ಹಾಗಿಲ್ಲ. ಒಂದು ಬೂಫಿಯಾದಲ್ಲಿ ಚಹಾ, ಸ್ಯಾಂಡ್‌ವಿಚ್ ಮಾಡಿಕೊಂಡಿದ್ದಾನೆ. ನನ್ನ ಮಾವ, ಅವನ ಬಾಪ, ತೀರಿಕೊಂಡಾಗ ಮಯ್ಯತ್‌ನ ಮುಖ ನೋಡಿದ್ದೂ ಮೊಬೈಲಿನಲ್ಲಿ. ನಡುವೆ ನೆಟ್‌ವರ್ಕ್ ಕಟ್ಟಾಯಿತು. ಅವತ್ತು ಫೋನ್ ಹಿಡಿದುಕೊಂಡು ನಿಂತವಳು ನಾನು. ಆ ಕಪ್ಪು ಸ್ಕ್ರೀನನ್ನು ಒರೆಸಿ ಒರೆಸಿ ನೋಡಿದೆ.

ಉಮ್ಮ, ಅಂದರೆ ನನ್ನ ಅತ್ತೆ ಮರಿಯಮ್ ಬೀವಿ, ಈಗ ಅಲ್ ನಹ್ದಾದ ಫ್ಲ್ಯಾಟಿನಲ್ಲಿ ನಮ್ಮ ಜೊತೆ. ಅವರದು ಒಂದೇ ಹಟ. ಜಂಶೀರ್‌ನನ್ನು ಒಂದು ಸಲ ಕೈಯಿಂದ ಮುಟ್ಟಬೇಕು. ಆದರೆ ಎಲ್ಲಿ? ಅವನ ರೂಮಿನಲ್ಲಿ ಎಂಟು ಗಂಡಸರು, ಹೆಂಗಸರು ಕಾಲಿಡುವ ಹಾಗಿಲ್ಲ. ಹೋಟೆಲಿಗೆ ಹೋದರೆ ಕೌಂಟರಿನಲ್ಲಿ ಇಕಾಮಾ ಕೇಳುತ್ತಾರೆ. ಪಾರ್ಕಿನಲ್ಲಿ ಸಿಗೋಣ ಅಂತ ಮಸೂದ್ ಹೇಳಿದ್ದಕ್ಕೆ ಉಮ್ಮ ಉರಿದುಬಿದ್ದರು. "ಪಾರ್ಕಿನಲ್ಲಿ ನೋಡ್ಲಿಕ್ಕೆ ಅವ ಎಂತ ಮದುವೆಗೆ ತೋರಿಸುವ ಹುಡುಗನಾ? ನನ್ನ ಮನೆಯಲ್ಲಿ ಕೂತು ಉಣ್ಣಬೇಕು. ಉಂಡು ಮಲಗಬೇಕು."

ಆಗ ಮಸೂದ್‌ಗೆ ಹ್ಯೂಬರ್ಟ್‌ನ ಡಬ್ಬ ನೆನಪಾಯಿತು. ಮನೆಯನ್ನೇ ಎಳೆದುಕೊಂಡು ಹೋಗುವ ಅಂದ. ನಿಮಗೆ ತಲೆ ಕೆಟ್ಟಿದೆ ಅಂದೆ. ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ.

ಅಕ್ಟೋಬರ್ 25, ಶನಿವಾರ

ಉಮ್ಮ ಮೊದಲ ಸಲ ಕ್ಯಾರವಾನ್ ನೋಡಿದರು. ಬಿಸ್ಮಿಲ್ಲಾ ಅಂತ ಬಲಗಾಲಿಟ್ಟು ಹತ್ತಿದರು. ಒಲೆ ನೋಡಿದರು, ಮೆಚ್ಚಲಿಲ್ಲ. ಪಾಯಿಖಾನೆ ನೋಡಿ, "ಇದರೊಳಗೆ ಮಸೂದ್ ಹೊಕ್ಕರೆ ಹೊರಗೆ ಬರ್ಲಿಕ್ಕೆ ಉಂಟಾ?" ಅಂದರು. ಆಮೇಲೆ ಮಂಚದ ಹತ್ತಿರ ನಿಂತು ಗೇಣು ಹಾಕಿ ಅಳೆದರು. ಆ ತುದಿಯಿಂದ ಈ ತುದಿ. ಮತ್ತೊಂದು ಸಲ.

"ಸಾಲುದಿಲ್ಲ. ಜಂಶೀರ್‌ನ ಕಾಲು ಹೊರಗೆ ಬರ್ತದೆ."

"ಅಡ್ಜಸ್ಟ್ ಮಾಡ್ತಾನೆ ಉಮ್ಮಾ" ಎಂದ ಮಸೂದ್.

"ಬಾಪನ ಲುಂಗಿ ಉಟ್ರೆ ಅವನ ಮೊಣಕಾಲು ಕಾಣ್ತಿತ್ತು. ನನಗೆ ಗೊತ್ತಿಲ್ವಾ? ಅಲ್ಲಿ ಒಂಬತ್ತು ವರ್ಷ ಅಡ್ಜಸ್ಟೇ ಮಾಡಿದ್ದು. ಇಲ್ಲಿ ಬೇಡ."

ಖಲಾಸ್. ಮಂಚ ಉದ್ದವಾಗಬೇಕು. ಕಾಲಿನ ಕಡೆ ಒಂದು ಕಪಾಟು ಇದೆ, ಅದನ್ನು ಕಿತ್ತರೆ ಒಂದು ಅಡಿ ಸಿಗುತ್ತದೆ. ಆದರೆ ಕಪಾಟಿನೊಳಗೆ ನೀರಿನ ಟ್ಯಾಂಕು. ಟ್ಯಾಂಕನ್ನು ಎಲ್ಲಿಗೆ ಹಾಕುವುದು? ಮಸೂದ್ ಮನೆಗೆ ಬರುವ ತನಕ ಸ್ಟಿಯರಿಂಗಿನ ಮೇಲೆ ಬೆರಳು ಕುಟ್ಟುತ್ತಲೇ ಇದ್ದ. ಸಾಕಾಗಿ ಕೈ ಹಿಡಿದು ನಿಲ್ಲಿಸಿದೆ.

ಅಕ್ಟೋಬರ್ 31, ಶುಕ್ರವಾರ

ಮಂಚ ಆಯಿತು. ಕಾರ್ಪೆಂಟರ್ ಟ್ಯಾಂಕನ್ನು ತೀರಾ ಹಿಂದೆ, ಬಾಲದ ಕಡೆ, ಅಡುಗೆ ಕಟ್ಟೆಯ ಕೆಳಗೆ ಕೂರಿಸಿದ. ಮಸೂದ್ ಮಂಚದ ಮೇಲೆ ಅಂಗಾತ ಬಿದ್ದುಕೊಂಡು ಕಾಲು ಚಾಚಿ, ತಲೆ ಮೇಲೆ ಕೈ ಚಾಚಿ, "ಇನ್ನೂ ಜಾಗ ಉಂಟು!" ಅಂದ. ಹಾಗೇ ನಿದ್ದೆ ಹೋದ. ಗೊರಕೆ ಬೇರೆ. ನಾನು ಪರದೆಗೆ ರಿಂಗ್ ಹೊಲಿದೆ.

ಉಮ್ಮ ಹೊಸ ಹಾಸಿಗೆಗೆ ಹಳೆಯ ಬೆಡ್‌ಶೀಟ್ ಕೊಟ್ಟರು. ಊರಿಂದ ತಂದದ್ದು. ಹೊಸದು ಚುಚ್ಚುತ್ತದಂತೆ.

ನವೆಂಬರ್ 8, ಶನಿವಾರ

ಕ್ಯಾರವಾನಿನ ಪಾಸಿಂಗ್, ಸರಕಾರಿ ಟೆಸ್ಟು, ಫೇಲ್. ಬ್ರೇಕ್ ಒತ್ತಿದರೆ ಇಂಡಿಕೇಟರ್ ಹೊತ್ತುತ್ತದೆ. ಮಸೂದ್ ಹ್ಯೂಬರ್ಟ್‌ಗೆ ಫೋನ್ ಮಾಡಿ ಬೈದ. ಹ್ಯೂಬರ್ಟ್ ತಿರುಗಿ ಬೈದ. ಆಮೇಲೆ ಇಬ್ಬರೂ ಸೇರಿ ಚಹಾ ಕುಡಿದರು. ನಾನು ಬಿಸಿಲಿನಲ್ಲಿ ಕಾರಿನೊಳಗೆ.

ಮನೆಯಲ್ಲಿ ಇನ್ನೊಂದು ಪಂಚಾಯಿತಿ. ಉಮ್ಮ ದಾರಿಯುದ್ದಕ್ಕೂ ಕ್ಯಾರವಾನಿನಲ್ಲಿ ಮಲಗಿಕೊಂಡು ಬರುವ ಅಂದಾಜಿನಲ್ಲಿದ್ದರು. ಓಡುವಾಗ ಒಳಗೆ ಯಾರೂ ಇರಬಾರದು ಅಂತ ಜುಮಾನಾ ಹೇಳಿದಳು. "ಇಟ್ಸ್ ಇಲ್ಲೀಗಲ್, ಉಮ್ಮಾಮ. ಆಂಡ್ ಡೇಂಜರಸ್."

"ಮತ್ತೆ ನಾನು ಮಲಗೂದು ಯಾವಾಗ?"

"ವೆನ್ ವೀ ಸ್ಟಾಪ್."

"ಹಾಗಾದ್ರೆ ಆಗಾಗ ನಿಲ್ಸು ಅಂತ ನಿನ್ನ ಬಾಪನಿಗೆ ಹೇಳು."

ನವೆಂಬರ್ 12, ಬುಧವಾರ, ಬೆಳಿಗ್ಗೆ

ನಿನ್ನೆ ಜಂಶೀರ್ ಫೋನ್ ಮಾಡಿದ. ಉಮ್ಮ ಸಂಜೆಯ ಅಸರ್ ನಮಾಜಿನಲ್ಲಿದ್ದರು. ಮಸೂದ್ ಬಾಲ್ಕನಿಗೆ ಹೋಗಿ ಸ್ಪೀಕರ್ ಹಾಕಿದ, ನಾನೂ ಕೇಳಿಸಿಕೊಂಡೆ. ಅಣ್ಣನನ್ನು ಅವನು ಕಾಕ ಅಂತಲೇ ಕರೆಯುವುದು.

"ಕಾಕ, ಬರ್ಬೇಡಿ. ಚೆಕಿಂಗ್ ಜಾಸ್ತಿ ಉಂಟು. ನಿಮ್ಮ ಜೊತೆ ನನ್ನನ್ನು ಹಿಡಿದ್ರೆ ನಿಮಗೂ ತೊಂದ್ರೆ."

"ಅದನ್ನು ನಾನು ನೋಡ್ಕೊಳ್ತೇನೆ."

"ಅಲ್ಲ ಕಾಕ..." ಹಿಂದೆ ಮಿಕ್ಸಿ ಸದ್ದು. "ಉಮ್ಮ ನನ್ನನ್ನು ನೋಡಿದ್ರೆ ಅಳ್ತಾರೆ. ಹೀಗೆ ಆಗಿದ್ದೇನೆ ಅಂತ ಅವರಿಗೆ ಗೊತ್ತಾಗೂದು ಬೇಡ."

ಹೀಗೆ ಅಂದರೆ ಹೇಗೆ? ವಿಡಿಯೋ ಕಾಲ್ ಮಾಡದೆ ಎಷ್ಟು ಸಮಯವಾಯಿತು? ನೆನಪೇ ಇಲ್ಲ. ಉಮ್ಮನಿಗೆ ಹೇಳಲಿಲ್ಲ. ಮಸೂದ್ ರಾತ್ರಿ ಊಟ ಬಿಟ್ಟ. ನನಗೆ ಸಿಟ್ಟು, ಯಾರ ಮೇಲೆ ಅಂತ ಗೊತ್ತಿಲ್ಲ. ಪಾತ್ರೆಗಳ ಮೇಲೆ ತೀರಿಸಿಕೊಂಡೆ.

ನವೆಂಬರ್ 23, ಭಾನುವಾರ

ಬರೆಯಲು ಮನಸ್ಸಿರಲಿಲ್ಲ. ಜಂಶೀರ್‌ನ ಫೋನ್ ಸ್ವಿಚ್ ಆಫ್. ಅವತ್ತಿನಿಂದ. ಮಸೂದ್ ಲಿಫ್ಟಿನಲ್ಲಿ, ಸಿಗ್ನಲ್ಲಿನಲ್ಲಿ, ಎಲ್ಲೆಂದರಲ್ಲಿ ಒತ್ತಿ ಒತ್ತಿ ನೋಡುತ್ತಾನೆ. ಹಿಡಿದಿರಬಹುದಾ? ಕೇಳಲು ಬಾಯಿ ಬರುವುದಿಲ್ಲ, ಅವನೂ ಹೇಳುವುದಿಲ್ಲ. ನಾವಿಬ್ಬರೂ ಹವೆಯ ಬಗ್ಗೆ ಮಾತಾಡುತ್ತೇವೆ.

ಪಾಸಿಂಗ್ ಮಾತ್ರ ಆಯಿತು. ಉಮ್ಮನ ಸೌದಿ ವೀಸಾ ಬಂತು. ನನ್ನ ಲೀವ್ ಅಪ್ರೂವ್ ಆಯಿತು. ಬೇಕಾದ್ದೊಂದು ಬಿಟ್ಟು ಬಾಕಿ ಎಲ್ಲವೂ ಆಗುತ್ತಿದೆ!

ಸುದ್ದಿ ಹೇಗೆ ಹರಡಿತೋ, ಪಾರ್ಸೆಲ್‌ಗಳು ಬರಲು ಶುರು. ಊರಿಗೆ ಹೊರಟರೂ ಹೀಗೇ, ಸೌದಿಗೆ ಹೊರಟರೂ ಹೀಗೇ. ಮೇಲಿನ ಮನೆಯವರ ಭಾವನಿಗೆ ಉಪ್ಪಿನಕಾಯಿ. ಕೆಳಗಿನವರ ತಂಗಿಗೆ ಕುಚ್ಚಲಕ್ಕಿ. ಹ್ಯೂಬರ್ಟ್‌ನ ಹೆಂಡತಿ ಬೆಟ್ಟಿಯದು ಎಲ್ಲಕ್ಕಿಂತ ಮೇಲೆ. ಅವಳ ಅಕ್ಕ ದಮ್ಮಾಮಿನಲ್ಲಿ ನರ್ಸ್. ಅಕ್ಕನಿಗೆ ಒಂದು ಕಡೆಯುವ ಕಲ್ಲು ಕೊಂಡುಹೋಗಬೇಕಂತೆ. ಕಲ್ಲು!

"ಬೆಟ್ಟಿ, ನಾವೆಂತ ಕಾರ್ಗೋ ಸರ್ವಿಸಾ? ಕಲ್ಲು ಹೊತ್ಕೊಂಡು ಉಮ್ರಾಕ್ಕೆ ಹೋಗೂದಾ?"

"ಗಾಡಿಯಲ್ಲಿ ಅಷ್ಟು ಜಾಗ ಉಂಟಲ್ಲ ಮಾರಾಯ್ತಿ. ನಿನ್ನ ತಲೆ ಮೇಲೆ ಇಡ್ಲಿಕ್ಕೆ ಹೇಳಿದ್ನಾ?"

ಆಗುವುದಿಲ್ಲ ಅಂದೆ. ಮೇಲಿನವರಿಗೂ ಕೆಳಗಿನವರಿಗೂ ಹಾಗೇ ಅಂದಿದ್ದೆ. ಬೆಟ್ಟಿ ಮುಖ ಊದಿಸಿಕೊಂಡು ಫೋನಿಟ್ಟಳು. ಇಡಲಿ.

ನವೆಂಬರ್ 29, ಶನಿವಾರ

ಇವತ್ತು ಬದುಕಿ ಬಂದದ್ದೇ ದೊಡ್ಡದು.

ಬೆಳಿಗ್ಗೆ ಟ್ರಯಲ್‌ಗೆ ಹೊರಟೆವು. ನಾನು, ಮಸೂದ್, ಜುಮಾನಾ. ಉಮ್ಮ ಮನೆಯಲ್ಲೇ, ಪುಣ್ಯಕ್ಕೆ. ಟ್ಯಾಂಕು ತುಂಬಾ ನೀರು. ಹಿಂದಿನ ಕಟ್ಟೆಯ ಕೆಳಗೆ ಗ್ಯಾಸು, ಅಕ್ಕಿ, ಉಮ್ಮನ ಗ್ರೈಂಡರ್. ಜಂಶೀರ್‌ಗೆ ಪತ್ತಿರ್, ನಮ್ಮ ಅಕ್ಕಿ ರೊಟ್ಟಿ, ಮಾಡಬೇಕಲ್ಲ, ಅಕ್ಕಿ ಹೊಸದಾಗಿ ಅರೆಯಬೇಕು. ಅಲ್ ಐನ್ ರಸ್ತೆಯಲ್ಲಿ ಎಲ್ಲವೂ ಚೆನ್ನಾಗಿತ್ತು. ಮಸೂದ್ ಹಾಡು ಗುನುಗುತ್ತಿದ್ದ. ಪಕ್ಕದಲ್ಲಿ ಒಂದು ದೊಡ್ಡ ಟ್ರಕ್ ಹಾದುಹೋಯಿತು ನೋಡು, ಕ್ಯಾರವಾನ್ ಬಾಲ ಅಲ್ಲಾಡಿಸಿತು. ಎಡಕ್ಕೆ, ಬಲಕ್ಕೆ. ಮತ್ತೆ ಎಡಕ್ಕೆ, ಇನ್ನೂ ಜೋರಾಗಿ. ನಮ್ಮ ಪಜೇರೋವನ್ನೇ ಹಿಡಿದು ಅತ್ತಿತ್ತ ಎಳೆಯಿತು. ಜುಮಾನಾ "ಬಾಪಾ!" ಅಂತ ಕಿರುಚಿದಳು. ಇಂಗ್ಲಿಷ್ ಎಲ್ಲಾ ಎಲ್ಲಿ ಹೋಯಿತೋ. ಮಸೂದ್ ಬ್ರೇಕ್ ಒತ್ತಲಿಲ್ಲ, ಕಾಲು ತೆಗೆದ, ಅಷ್ಟೇ. ನಿಧಾನಕ್ಕೆ, ನಿಧಾನಕ್ಕೆ ನಿಂತಿತು. ಮಸೂದ್‌ನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಹ್ಯೂಬರ್ಟ್ ಬಂದು ಒಳಗೆ ನೋಡಿದವನೇ ತಲೆ ಮೇಲೆ ಕೈ ಇಟ್ಟುಕೊಂಡ. "ಯಾವ ಬುದ್ಧಿವಂತ ಟ್ಯಾಂಕನ್ನು ಬಾಲಕ್ಕೆ ಹಾಕಿದ್ದು? ಭಾರ ಮುಂದೆ ಇರ್ಬೇಕು ಮಾರಾಯ, ಕೊಂಡಿಯ ಕಡೆ! ಟ್ಯಾಂಕ್ ಮೊದಲಿನ ಜಾಗಕ್ಕೆ ಹಾಕು. ಮಂಚ ಕತ್ತರಿಸು."

ಮನೆಗೆ ಬಂದು ಮಸೂದ್ ಚಾವಿ ಮೇಜಿನ ಮೇಲೆ ಎಸೆದ. "ಖಲಾಸ್. ಟ್ರಿಪ್ ಇಲ್ಲ. ಮಗಳನ್ನು ಕೊಲ್ತಿದ್ದೆ ಇವತ್ತು." ಅವನು ಅಳುತ್ತಿದ್ದ. ಅವನು ಅತ್ತದ್ದನ್ನು ಬಾಪನ ಸುದ್ದಿ ಬಂದ ದಿನ ಬಿಟ್ಟರೆ ಇವತ್ತೇ ನೋಡಿದ್ದು.

ಉಮ್ಮ ಎಲ್ಲಾ ಕೇಳಿಸಿಕೊಂಡರು. ಚಾವಿ ಎತ್ತಿ ಮಗನ ಕೈಗೆ ಇಟ್ಟು ಹೇಳಿದರು, "ಮಂಚ ಕಡಿಸು ಮೋನೇ. ಅವ ಕಾಲು ಮಡಚಿ ಮಲಗ್ತಾನೆ."

ಹಟ ಮಾಡಿದ್ದರೆ ಸಹಿಸುತ್ತಿದ್ದೆ. ಇದನ್ನು ಸಹಿಸಲು ಆಗಲಿಲ್ಲ.

ನವೆಂಬರ್ 30, ಭಾನುವಾರ, ನಸುಕು

ಮಂಚ ಕಡಿಯಲು ನಾನು ಬಿಡುವುದಿಲ್ಲ.

ಭಾರ ಮುಂದೆ ಬೇಕು ತಾನೇ? ಮಂಚ ಇರುವುದೇ ಮುಂದೆ. ಮಂಚದ ಕೆಳಗೆ ಪೂರಾ ಖಾಲಿ, ಟ್ಯಾಂಕು ಮಾತ್ರ ಎತ್ತರಕ್ಕೆ ಅಲ್ಲಿ ಹಿಡಿಯುವುದಿಲ್ಲ. ಹಿಂದಿನದನ್ನೆಲ್ಲ ಎತ್ತಿ ಅಲ್ಲಿಗೆ ಹಾಕಿದರೆ? ಟ್ಯಾಂಕನ್ನು ಖಾಲಿ ಓಡಿಸಿ, ನಿಂತಲ್ಲಿ ನೀರು ತುಂಬಿಸಿದರೆ? ಇನ್ನೂ ಸ್ವಲ್ಪ ಭಾರ ಬೇಕಾದರೆ...

ಅಯ್ಯೋ ಅಲ್ಲಾಹ್. ಬೆಟ್ಟಿಯ ಕಲ್ಲು.

ಅದೇ ದಿನ, ಸಂಜೆ

ಹ್ಯೂಬರ್ಟ್ ಮೊದಲು ನಕ್ಕ, ಆಮೇಲೆ ತಲೆ ಕೆರೆದುಕೊಂಡ, ಆಮೇಲೆ "ಆಗ್ತದೆ, ಆಗ್ತದೆ. ಹೆಚ್ಚಾಗಬಾರದು ಮಾತ್ರ. ನಾನು ಕೊಂಡಿಯಲ್ಲಿ ತೂಕ ನೋಡಿ ಹೇಳ್ತೇನೆ" ಅಂದ. ಬೆಟ್ಟಿಯ ಮನೆಗೆ ನಾನೇ ಹೋದೆ. ಬಾಗಿಲು ತೆರೆದು ಎದೆ ಮೇಲೆ ಕೈ ಕಟ್ಟಿ ನಿಂತಳು.

"ಎಂತ ಜಸೀನಾ, ಕಾರ್ಗೋ ಆಫೀಸ್ ಓಪನ್ ಆಯ್ತಾ?"

"ಆಯ್ತು. ಕಲ್ಲು ಕೊಡು ಮಾರಾಯ್ತಿ. ಮರ್ಯಾದೆ ಆಮೇಲೆ ತೆಗಿ."

ಕಲ್ಲಿನ ಜೊತೆ ಅಕ್ಕನಿಗೆ ಕುಸ್ವಾರಿನ ಡಬ್ಬ ಬೇರೆ. ಕ್ರಿಸ್ಮಸ್ ತಿಂಡಿ ಅಲ್ಲವಾ. "ಕೇಕಿಗೆ ರಮ್ ಹಾಕಿಲ್ಲ ಅಲ್ವಾ? ಬಾರ್ಡರ್ ಉಂಟು!" ಅಂದದ್ದಕ್ಕೆ, ಕೇಕನ್ನೇ ತೆಗೆದಿಟ್ಟುಕೊಂಡಳು. ಚಕ್ಕುಲಿ, ಕಿಡಿಯೊ ಮಾತ್ರ ಕೊಟ್ಟಳು. ಮೇಲಿನ ಮನೆ, ಕೆಳಗಿನ ಮನೆ, ಎಲ್ಲರ ಹತ್ತಿರವೂ ಹೋಗಿ ನಾನೇ ಪಾರ್ಸೆಲ್ ಕೇಳಿ ತಂದೆ. ಬೇಡ ಅಂದದ್ದನ್ನು ಕೇಳಿಕೊಂಡು ಹೋಗುವಾಗ ಮುಖ ಎಲ್ಲಿಡುವುದೋ ಗೊತ್ತಾಗಲಿಲ್ಲ.

ಡಿಸೆಂಬರ್ 2, ಮಂಗಳವಾರ

ಸರಕಾರಿ ರಜೆ. ಅದೇ ರಸ್ತೆ. ಈ ಸಲ ಹ್ಯೂಬರ್ಟ್ ಮುಂದಿನ ಸೀಟಿನಲ್ಲಿ, ಜುಮಾನಾ ಮನೆಯಲ್ಲಿ. ಟ್ರಕ್ ಬಂತು. ಕಣ್ಣು ಮುಚ್ಚಿದೆ. ಹೋಯಿತು. ಅಲ್ಲಾಡಲಿಲ್ಲ. ಇನ್ನೊಂದು ಬಂತು. ಇಲ್ಲ!

ಮಸೂದ್ ಕಾರು ನಿಲ್ಲಿಸಿ ಇಳಿದು ಹೋಗಿ ಕ್ಯಾರವಾನಿನ ಬೆನ್ನು ತಟ್ಟಿದ. ನಾನು ನಕ್ಕೆ. ಎಷ್ಟು ದಿನವಾಯಿತು ನಕ್ಕು.

ಡಿಸೆಂಬರ್ 8, ಸೋಮವಾರ

ಫೋನ್ ಇನ್ನೂ ಆಫ್. ಇವತ್ತು ಮಸೂದ್ ಕೊನೆಗೂ ಉಮ್ಮನಿಗೆ ಎಲ್ಲಾ ಹೇಳಿದ. ಬೇಡ ಅಂದದ್ದು, ಆಮೇಲೆ ಸಿಗದೆ ಹೋದದ್ದು. "ಎಲ್ಲಿ ಅಂತ ಹುಡುಕೂದು ಉಮ್ಮಾ? ನೇರ ಮಕ್ಕಾಕ್ಕೇ ಹೋಗುವ" ಅಂದ.

ಉಮ್ಮ ಈರುಳ್ಳಿ ಕೊಯ್ಯುತ್ತಿದ್ದರು. ಚೂರಿ ನಿಲ್ಲಿಸಲಿಲ್ಲ. "ಫೋನ್ ಆಫ್ ಆದ್ರೆ ಮನುಷ್ಯ ಆಫ್ ಆಗ್ತಾನಾ? ಬೂಫಿಯಾದ ಹೆಸರು ಗೊತ್ತುಂಟಲ್ಲ. ನಾನು ಹೋಗಿ ಚಹಾ ಕೇಳ್ತೇನೆ. ಕೊಡದೆ ಎಲ್ಲಿ ಹೋಗ್ತಾನೆ?"

ಮಸೂದ್ ನನ್ನ ಮುಖ ನೋಡಿದ. ನಾನು ಇನ್ನೊಂದು ಈರುಳ್ಳಿ ಸುಲಿದೆ. ಉಮ್ಮನ ಪಕ್ಷ ನಾನು.

ಡಿಸೆಂಬರ್ 10, ಬುಧವಾರ

ಅಲ್‌ಹಂದುಲಿಲ್ಲಾಹ್. ಬದುಕಿದ್ದಾನೆ.

ಬನಿಯಾಸ್‌ನಿಂದ ಉಮ್ಮನ ತಮ್ಮ ಅಬ್ಬಾಸ್ ಮಾಮನ ಫೋನ್. ಅವರ ಪರಿಚಯದ ಡ್ರೈವರ್ ಒಬ್ಬ ಹುಫೂಫಿಗೆ ಲೋಡ್ ಕೊಂಡುಹೋಗುತ್ತಾನೆ. ಅವನ ಕೈಯಲ್ಲಿ ಹೇಳಿ ಕಳಿಸಿದ್ದರಂತೆ. ಜಂಶೀರ್ ಅದೇ ಬೂಫಿಯಾದಲ್ಲಿ ಇದ್ದಾನೆ. ಸಿಮ್ ಬೇರೆಯವನ ಹೆಸರಿನಲ್ಲಿ ಇತ್ತು, ಅವನು ಊರಿಗೆ ಹೋದ, ಸಿಮ್ ಬಂದ್. ಊರ ಹೊರಗಿನ ಪೆಟ್ರೋಲ್ ಪಂಪಿನ ಹಿಂದೆ ಮಸೀದಿ ಇದೆ, ಶುಕ್ರವಾರ ಜುಮಾ ನಮಾಜ್ ಆದ ಮೇಲೆ ನಾವು ಅಲ್ಲಿರುತ್ತೇವೆ ಅಂತ ಡ್ರೈವರ್ ಹೇಳಿದ್ದಾನೆ.

"ಬರ್ತೇನೆ ಅಂದ್ನಾ?" ಎಂದು ಮಸೂದ್ ಕೇಳಿದ.

"ತಲೆ ಅಲ್ಲಾಡಿಸಿದ ಅಂತೆ" ಅಂದರು ಅಬ್ಬಾಸ್ ಮಾಮ.

ಹೌದು ಅಂತ ಅಲ್ಲಾಡಿಸಿದ್ದಾ, ಇಲ್ಲ ಅಂತ ಅಲ್ಲಾಡಿಸಿದ್ದಾ? ಆ ಡ್ರೈವರ್‌ಗೆ ಕೇಳಬಾರದಿತ್ತಾ!

ಡಿಸೆಂಬರ್ 11, ಗುರುವಾರ, ಬಾರ್ಡರ್ ದಾಟಿದ ಮೇಲೆ

ನಸುಕಿನ ಸುಬಹ್ ನಮಾಜ್ ಮುಗಿಸಿ ಹೊರಟೆವು. ಬನಿಯಾಸ್‌ನಲ್ಲಿ ಮಾಮಿ ತಿಂಡಿ ಕಟ್ಟಿಕೊಟ್ಟರು, ಒಂದು ಪಾರ್ಸೆಲ್ ಕೂಡಾ. ಈಗ ನಾನು ಯಾವುದಕ್ಕೂ ಬೇಡ ಅನ್ನುವುದಿಲ್ಲ. ಮಂಚದ ಕೆಳಗೆ ತಳ್ಳಿದೆ.

ಬಾರ್ಡರಿನಲ್ಲಿ ಸೌದಿ ಆಫೀಸರ್ ಮಂಚದ ಕೆಳಗೆ ಟಾರ್ಚ್ ಹಾಕಿ ಕಲ್ಲು ತೋರಿಸಿದ, ಇದೇನು ಅಂತ. ಮಸೂದ್‌ಗೆ ಬರುವ ಅರೇಬಿಕ್‌ನಲ್ಲಿ ಕಡೆಯುವ ಕಲ್ಲಿಗೆ ಶಬ್ದ ಇಲ್ಲ. ನಿಂತಲ್ಲೇ ಕೈ ತಿರುಗಿಸಿ ತೋರಿಸಿದ. ಸಾಲಲಿಲ್ಲ. ಉಮ್ಮ ಕಾರಿನಿಂದ ಇಳಿದು ಬಂದು, ನೆಲಕ್ಕೆ ಕೂತು, ಇಲ್ಲದ ಅಕ್ಕಿಯನ್ನು ಅರೆದು, ಇಲ್ಲದ ಹಿಟ್ಟನ್ನು ಬಾಚಿ ತೋರಿಸಿದರು. ಆಫೀಸರ್ ನಕ್ಕು "ಯಲ್ಲಾ, ಯಲ್ಲಾ" ಅಂತ ಮುಂದೆ ಹೋಗಲು ಕೈ ಬೀಸಿದ.

ಉಮ್ಮ ಈಗ ಜಂಶೀರ್‌ನ ಮಂಚದಲ್ಲಿ ಮಲಗಿದ್ದಾರೆ, ಅರ್ಧ ಗಂಟೆಗೆ ಅಂತ. ತುದಿಯಲ್ಲಿ. ಬೆಡ್‌ಶೀಟ್ ಸುಕ್ಕಾಗಬಾರದಂತೆ.

ಡಿಸೆಂಬರ್ 12, ಶುಕ್ರವಾರ, ಮಧ್ಯಾಹ್ನ

ಜುಮಾ ಮುಗಿಯಿತು. ಜನ ಹೊರಗೆ ಬರುತ್ತಿದ್ದಾರೆ. ಉಮ್ಮ ಬೆಳಿಗ್ಗೆಯಿಂದ ಪತ್ತಿರ್ ಸುಡುತ್ತಿದ್ದಾರೆ, ಎಂಟು ಗಂಡಸರಿಗೆ ಆಗುವಷ್ಟು. ಮಸೂದ್ ಗೇಟಿನ ಹತ್ತಿರ ಹೋಗುತ್ತಾನೆ, ಬರುತ್ತಾನೆ. ಜುಮಾನಾ ಕಿಟಕಿಗೆ ಮೂಗು ಒತ್ತಿ ಕೂತಿದ್ದಾಳೆ. ಪಾರ್ಕಿಂಗ್ ಖಾಲಿಯಾಗುತ್ತಾ ಬಂತು. ಯಾರೂ ಇಲ್ಲ. ಸುಮ್ಮನೆ ಕೂರಲು ಆಗದೆ ಬರೆಯುತ್ತಿದ್ದೇನೆ.

ಅಸರ್ ಹತ್ತಿರ

ಬಂದ.

ನನಗೆ ಗುರುತೇ ಸಿಗಲಿಲ್ಲ. ಗಡ್ಡ ನೆರೆತಿದೆ. ಮಸೂದ್‌ಗಿಂತ ಹಿರಿಯನ ಹಾಗೆ ಕಾಣುತ್ತಾನೆ. ಚಪ್ಪಲಿ ಹೊರಗೆ ಬಿಟ್ಟು, ತಲೆ ಬಗ್ಗಿಸಿ, ಬಾಗಿಲ ಬಳಿ ನಿಂತು "ಒಳಗೆ ಬರ್ಬಹುದಾ?" ಅಂತ ಕೇಳಿದ.

ಉಮ್ಮ ಅಳಲಿಲ್ಲ. ಬೈದರು. "ನಿನ್ನ ಮನೆಗೆ ಬರ್ಲಿಕ್ಕೆ ಯಾರ ಹತ್ರ ಕೇಳ್ತಿ? ಕೈ ತೊಳಿ." ಆಮೇಲೆ ಅವನ ಕೈ ಹಿಡಿದವರು ಬಿಡಲೇ ಇಲ್ಲ, ತೊಳೆಯುವುದು ಹೇಗೆ? ಅವರೇ ನೀರು ಹೊಯ್ದು ತೊಳೆದರು. ಅತ್ತದ್ದು ನಾವು.

ಎಷ್ಟೋ ಪತ್ತಿರ್ ತಿಂದ. ಮಾತು ಕಡಿಮೆ. ರಾತ್ರಿ ಇಶಾ ನಮಾಜಿನ ಹೊತ್ತಿಗೆ ಡ್ಯೂಟಿ ಇದೆಯಂತೆ. "ಅಷ್ಟು ಹೊತ್ತು ಮಲಗು" ಅಂದರು ಉಮ್ಮ. ಮಂಚದ ಮೇಲೆ ಕೂತು ಬೆಡ್‌ಶೀಟ್ ಸವರಿದ, ಮೂಸಿದ, ಮಲಗಿದ. ಕ್ಷಣದಲ್ಲಿ ನಿದ್ದೆ.

ಗೋಡೆಯ ಕಡೆ ತಿರುಗಿ, ಮೊಣಕಾಲು ಎದೆಗೆ ಒತ್ತಿಕೊಂಡು, ಮುದುಡಿ. ಅಷ್ಟು ಉದ್ದದ ಆಳು ಅರ್ಧ ಮಂಚದಲ್ಲಿ ಮುಗಿದುಹೋದ. ನಾವು ಕಪಾಟು ಕಿತ್ತು ಮಾಡಿದ ಆ ಒಂದು ಅಡಿ ಹಾಗೇ ಖಾಲಿ ಬಿದ್ದಿದೆ.

ಉಮ್ಮ ಕಾಲ ಬುಡದಲ್ಲಿ ಕೂತಿದ್ದಾರೆ. ಅವನ ಪಾದ ಹಿಡಿದು ಮೆಲ್ಲನೆ ಎಳೆದು ನೇರ ಮಾಡಿದರು. "ಕಾಲು ಚಾಚು ಮೋನೇ. ಜಾಗ ಉಂಟು."

ನಿದ್ದೆಯಲ್ಲೇ ಮಡಚಿದ. ಉಮ್ಮ ಎಳೆದರು. ಮತ್ತೆ ಮಡಚಿದ. ಉಮ್ಮ ಮತ್ತೆ ಎಳೆದರು.